ಚಿಕ್ಕಮ್ಮನ ಪಾಲು

"ಆ ಮೂಲೆಯದೊಂದನ್ನ ಬಿಟ್ಟು ಏನು ಬೇಕಾದ್ರೂ ಮಾಡ್ಕೊಳ್ಳಿ, ಅಳಿಯಂದಿರೇ. ಅದನ್ನ ಮಾತ್ರ ಮುಟ್ಬೇಡಿ."

ಉಗ್ರಾಣದ ಬಾಗಿಲಲ್ಲಿ ನಿಂತು ಅತ್ತೆ ಇಷ್ಟು ಹೇಳಿದಾಗ ಅಳಿಯ ನಕ್ಕುಬಿಟ್ಟ. ಆ ನಗುವಿನಲ್ಲಿ ಕೆಟ್ಟತನವೇನೂ ಇರಲಿಲ್ಲ. ಕಸುಬು ಬಲ್ಲವನು ಕಸುಬು ಅರಿಯದವರ ಮುಂದೆ ನಗುತ್ತಾನಲ್ಲ, ಅಂಥ ನಗು. ಕಾಳಿಗೆ ಬಿದ್ದ ಹುಳುವನ್ನು ಕೊಲ್ಲುವುದೇ ಅವನ ಹೊಟ್ಟೆಪಾಡು. ಪೇಟೆಯ ದೊಡ್ಡ ದೊಡ್ಡ ಮಳಿಗೆಗಳ ಸಂದುಗೊಂದುಗಳನ್ನೆಲ್ಲ ಮುಚ್ಚಿ, ಒಳಗೆ ವಿಷದ ಗುಳಿಗೆ ಇಟ್ಟು, ಕದವೆಳೆದುಕೊಂಡು ಬರುತ್ತಿದ್ದ. ಗುಳಿಗೆಯಿಂದ ಹೊರಟ ಗಾಳಿ ಮೂಟೆಗಳ ನಡುವೆ ನುಸುಳಿ ಕಾಳಿನ ಹೊಟ್ಟೆಯೊಳಗಿನ ಮರಿಹುಳುವನ್ನೂ ಬಿಡುತ್ತಿರಲಿಲ್ಲ. ಜನ ಅವನನ್ನು ಗುಳಿಗೆಯಣ್ಣ ಎಂದೇ ಕರೆಯುತ್ತಿದ್ದರು. ಹೆಸರು ಹಿಡಿದು ಕರೆದರೆ ಅವನೇ ತಿರುಗಿ ನೋಡುತ್ತಿದ್ದನೋ ಇಲ್ಲವೋ.

ಅವನು ಈ ಮನೆಗೆ ಬಂದು ಸೇರಿದ್ದು ಮಾವ ತೀರಿಕೊಂಡ ಮೇಲೆ. ಹೆಂಡತಿ ಒಬ್ಬಳೇ ಮಗಳು. ಹೊಲಮನೆ ನೋಡಿಕೊಳ್ಳುವವರಿಲ್ಲ ಎಂದು ಹಟ ಹಿಡಿದು ಕರೆತಂದಿದ್ದಳು. ಜೊತೆಗೆ ಅವಳು ಬಸುರಿ. ಪೇಟೆಯಲ್ಲಿದ್ದಾಗ ಒಂದು ನಿಂತಂತೆ ಮಾಡಿ ನಿಲ್ಲದೆ ಹೋಗಿತ್ತು. ಆಮೇಲೆ ಬಹಳ ಕಾಲ ಗಂಡ ಹೆಂಡಿರಿಬ್ಬರೂ ಮಗುವಿನ ಮಾತನ್ನೇ ಆಡಿರಲಿಲ್ಲ. ಈಗಿನದು ನಿಂತಿತ್ತು, ಹೊಟ್ಟೆ ಎದ್ದು ಕಾಣುವಷ್ಟು ಬೆಳೆದಿತ್ತು. ಅವಳು ಮೆಟ್ಟಿಲು ಇಳಿಯುವಾಗಲೆಲ್ಲ ಅವನ ಜೀವ ಬಾಯಿಗೆ ಬರುತ್ತಿತ್ತು. ಈ ಮಗು ಉಳಿದುಕೊಳ್ಳಲಿ, ಇನ್ನೇನೂ ಬೇಡ ಎಂದು ಅವನು ಯಾರಿಗೂ ಕೇಳಿಸದ ಹಾಗೆ ಹೇಳಿಕೊಳ್ಳುತ್ತಿದ್ದ.

ಉಗ್ರಾಣ ಮನೆಯ ಬೆನ್ನಿಗೆ ಅಂಟಿಕೊಂಡಿತ್ತು. ದಪ್ಪ ಮಣ್ಣಿನ ಗೋಡೆ, ಕಿಟಕಿ ಎಂಬುದೇ ಇಲ್ಲ. ನಡು ಮಧ್ಯಾಹ್ನದಲ್ಲೂ ಬಾಗಿಲಿನಿಂದ ಸ್ವಲ್ಪ ಒಳಗೆ ಸರಿದರೆ ಕತ್ತಲೆ. ಮುಗ್ಗಿದ ಹಿಟ್ಟಿನ ವಾಸನೆ, ಇಲಿ ಓಡಾಡಿದ ವಾಸನೆ. ಎರಡೂ ಬದಿಗೆ ಆಳೆತ್ತರದ ಗೋಧಿ ಕಣಜಗಳು ಬಾಯಿಗೆ ಮರದ ಮುಚ್ಚಳ ಹೊತ್ತು ನಿಂತಿದ್ದವು. ತುದಿಯ ಮೂಲೆಯಲ್ಲಿ ಒಂದು ಗಿಡ್ಡ ಮಣ್ಣಿನ ಕಣಜ. ಅದಕ್ಕೆ ಮುಚ್ಚಳವಿರಲಿಲ್ಲ. ಅವನು ದೀಪ ಎತ್ತಿ ಹಿಡಿದಾಗ ಅದರ ಅಂಚು ಮಿಸುಕಿದ ಹಾಗೆ ಕಂಡಿತು. ಹತ್ತಿರ ಹೋಗಿ ನೋಡಿದರೆ ಅಂಚಿನ ತುಂಬ ಮೂತಿಹುಳು, ಎಳ್ಳಿಗಿಂತ ತುಸು ದೊಡ್ಡವು, ಕಂದು ಬಣ್ಣ, ಮುಂದಕ್ಕೆ ಚಾಚಿದ ಚೂಪು ಮೂತಿ. ಒಳಗೆ ಗೋಧಿ ಎನ್ನುವುದಕ್ಕಿಂತ ಗೋಧಿಯ ಸಿಪ್ಪೆ, ಅದರ ನಡುವೆ ಬೂದಿಯಂಥ ಪುಡಿ.

ಅವನ ಚೀಲದಲ್ಲಿ ಒಂದು ಹಿತ್ತಾಳೆಯ ಕೊಳವೆ ಸದಾ ಇರುತ್ತಿತ್ತು. ಅದನ್ನು ಕಾಳಿನ ರಾಶಿಗೆ ಇಳಿಸಿ ಮೇಲಿನ ತುದಿಗೆ ಕಿವಿಯಿಟ್ಟರೆ ಒಳಗೆ ಮರಿಹುಳು ಕಾಳು ಕೊರೆಯುವ ಸದ್ದು ಕೇಳುತ್ತದೆ. ಅಂಥ ಕಿವಿ ಎಲ್ಲರಿಗೂ ಇಲ್ಲ, ಅವನಿಗಿತ್ತು. ಅದರ ಬಗ್ಗೆ ಅವನಿಗೆ ಹೆಮ್ಮೆಯೂ ಇತ್ತು. ಗಿಡ್ಡ ಕಣಜಕ್ಕೆ ಕೊಳವೆ ಇಳಿಸಿ ಕಿವಿಗೊಟ್ಟವನು ತಟ್ಟನೆ ತಲೆ ಎತ್ತಿದ. ಒಂದು ಊರಿಗೆ ಊರೇ ಕೂತು ಹಲ್ಲು ಕಡಿಯುವ ಸದ್ದು ಅದು.

ಆ ಸಂಜೆ ಅತ್ತೆ, ಕೇಳಿದ್ದಕ್ಕಿಂತ ಹೆಚ್ಚೂ ಹೇಳದೆ ಕಡಿಮೆಯೂ ಹೇಳದೆ, ಕತೆ ಒಪ್ಪಿಸಿದರು. ಅವರ ಗಂಡನ ಅಜ್ಜಿಯ ಕಾಲದಲ್ಲಿ ಈ ಮನೆಯ ಕಿರಿಮಗ ಸತ್ತು, ಅವನ ಹೆಂಡತಿಯನ್ನು ಮಗುವಿನ ಸಮೇತ ಹೊರಗೆ ಹಾಕಿದ್ದರಂತೆ. ಕಾಳಿಗೆ ಬರ ಬಂದ ವರ್ಷ ಅವಳು ಇದೇ ಉಗ್ರಾಣದ ಬಾಗಿಲಿಗೆ ಬಂದು ಸೆರಗೊಡ್ಡಿದಳು. ಅಜ್ಜಿ ಇಲ್ಲ ಎನ್ನಲಿಲ್ಲ. ಹುಳು ತಿಂದು ಬಿಟ್ಟ ಜೊಳ್ಳು ಕಾಳನ್ನೇ ತುಂಬ ತುಂಬ ಅಳೆದು ಕೊಟ್ಟಳು. ಹೊರಗಿನಿಂದ ನೋಡಿದರೆ ಗುಂಡಗಿನ ಕಾಳೇ. ಆ ತಾಯಿ ಅದನ್ನೇ ಬೇಯಿಸಿ ಉಣ್ಣಿಸಿದಳು, ಉಣ್ಣಿಸುತ್ತಲೇ ಹೋದಳು; ಮಗು ತುಂಬಿದ ಹೊಟ್ಟೆಯಲ್ಲೇ ಹಸಿದು ಸತ್ತಿತು. ಅವಳು ಆ ಜೊಳ್ಳಿನ ಪುಡಿಗೆ ಸತ್ತ ಮಗುವಿನ ಕೂದಲು ಕಲಸಿ, ಏನೇನೋ ಜಪಿಸಿ, ಉಂಡೆ ಕಟ್ಟಿ ಉಗ್ರಾಣದ ಮೂಲೆಯಲ್ಲಿ ಹೂತಿಟ್ಟು ಹೋದಳಂತೆ. ಈ ಮನೆಯಲ್ಲಿ ತುಂಬಿದ್ದೆಲ್ಲ ಒಳಗಿನಿಂದ ಬರಿದಾಗಲಿ ಎಂಬುದು ಅವಳ ಮಾತು. ಆಮೇಲೆ ಈ ಮನೆಯ ಹೆಂಗಸರ ಬಸಿರು ಒಂದರ ಹಿಂದೊಂದು ಹಾಳಾದವು. ಕೊನೆಗೆ ಮಾಟ ಬಲ್ಲವನೊಬ್ಬ ಬಂದು, ಕಟ್ಟಿದ್ದನ್ನು ಬಿಚ್ಚುವುದು ತನ್ನ ಕೈಯಲ್ಲಿಲ್ಲ, ಪಾಲು ಕೊಡಿ ಎಂದ. ಉಂಡೆಯನ್ನು ಕಣಜದ ತಳದಲ್ಲಿಟ್ಟು, ಪ್ರತಿ ಸುಗ್ಗಿಗೂ ಮೊದಲ ಕಾಳು, ಮದ್ದು ಮುಟ್ಟದ ಕಾಳು, ಅದರೊಳಗೆ ಸುರಿಯಬೇಕು, ಬಾಯಿ ಮುಚ್ಚಬಾರದು. ಅಂದಿನಿಂದ ಅದು ಚಿಕ್ಕಮ್ಮನ ಪಾಲು.

ಗುಳಿಗೆಯಣ್ಣ ಎಲ್ಲವನ್ನೂ ಕೇಳಿಸಿಕೊಂಡು, ಹುಳುವಿಗೆ ಚಿಕ್ಕಮ್ಮ ದೊಡ್ಡಮ್ಮ ಇರುವುದಿಲ್ಲ ಅತ್ತೆ, ಹೊಟ್ಟೆಯೊಂದೇ ಇರುತ್ತದೆ ಎಂದ. ಮನೆಯೊಳಗೆ ಕಳ್ಳನನ್ನು ಕೂರಿಸಿಕೊಂಡು ಬಾಗಿಲಿಗೆ ಬೀಗ ಹಾಕಿದ ಹಾಗಾಯಿತು ಎಂದೂ ಸೇರಿಸಿದ. ಅತ್ತೆ ನಗಲಿಲ್ಲ. ಹೆಂಡತಿ ಮಾತ್ರ ಅವನ ತೋಳು ಹಿಡಿದು, ಅಮ್ಮನ ಸಮಾಧಾನಕ್ಕಾದರೂ ಬಿಟ್ಟುಬಿಡಿ ಎಂದಳು. ಅವನು ಬಿಟ್ಟ. ಸ್ವಲ್ಪ ದಿನದ ಮಟ್ಟಿಗೆ ಬಿಟ್ಟ.

ಆ ಸುಗ್ಗಿಯಲ್ಲಿ ಅವನಿಗೆ ಕೈತುಂಬ ಕೆಲಸ. ಸುತ್ತಲಿನ ಒಂದೊಂದು ಹೊಲಮನೆಯೂ ಅವನನ್ನು ಕರೆಯಿತು. ಕರೆಯದವರ ಮನೆಗೆ ತಾನಾಗಿ ಹೋದ. ಒಂದು ಕಡೆ ಹುಳು ಉಳಿದರೆ ಎಲ್ಲ ಕಡೆಗೂ ಹಬ್ಬುತ್ತದೆ ಎಂದು ಬಡವರ ಮಡಕೆಯ ಕಾಳಿಗೂ ಬಿಟ್ಟಿಯಾಗಿ ಗುಳಿಗೆ ಇಟ್ಟುಕೊಟ್ಟ. ಕೆಲಸ ಮುಗಿದ ಕಡೆ ಬಾಗಿಲಿಗೆ ಸುಣ್ಣದಿಂದ ಒಂದು ಅಡ್ಡಗೀಟು ಎಳೆಯುವುದು ಅವನ ರೂಢಿ. ಆ ಸೀಮೆಯಲ್ಲಿ ಬಿಳಿ ಗೀಟಿಲ್ಲದ ಬಾಗಿಲು ಒಂದೂ ಉಳಿಯಲಿಲ್ಲ. ಉಳಿದದ್ದು ಅವನದೇ ಮನೆಯದು; ಒಂದು ಮೂಲೆ ಬಿಟ್ಟು ಉಳಿದದ್ದಕ್ಕೆ ಮಾತ್ರ ಗಾಳಿ ಹಿಡಿಸಲು ಬರುವುದಿಲ್ಲವಲ್ಲ. ಹಿಟ್ಟಿನ ಗಿರಣಿಯವನು ನಾಲ್ಕು ಜನರ ಎದುರು, ಊರ ಹುಳುವನ್ನೆಲ್ಲ ಕೊಂದು ಮನೆಯಲ್ಲಿ ತಳಿಗೆ ಸಾಕಿಕೊಂಡಿದ್ದಾರಂತೆ ಎಂದು ಕಿಚಾಯಿಸಿದ. ಎಲ್ಲರೂ ನಕ್ಕರು, ಇವನೂ ನಕ್ಕ. ಆದರೆ ಮಾತು ಮುಳ್ಳಾಗಿ ಒಳಗೇ ಉಳಿಯಿತು.

ಅತ್ತೆ ಮಗಳನ್ನು ಕರೆದುಕೊಂಡು ನರ್ಸಮ್ಮನ ಬಳಿ ತಪಾಸಣೆಗೆ ಹೋದ ದಿನ ಅವನು ಚಿಕ್ಕಮ್ಮನ ಕಣಜವನ್ನು ಉರುಳಿಸಿದ.

ಹಿತ್ತಲಿಗೆ ಎಳೆದು ತಂದು ಮಗುಚಿದಾಗ ಹುಳುಗಳು ಚದುರಲಿಲ್ಲ. ಅವನಿಗೆ ಅದೇ ವಿಚಿತ್ರವೆನಿಸಿತು. ಬೆಳಕಿಗೆ ಬಿದ್ದ ಮೂತಿಹುಳು ಓಡಬೇಕು. ಇವು ಇದ್ದಲ್ಲೇ ನಿಂತವು. ತಳದಲ್ಲಿ ಮುಷ್ಟಿಗಾತ್ರದ ಕರಿ ಉಂಡೆ ಸಿಕ್ಕಿತು. ಕಲ್ಲಿನಷ್ಟು ಗಟ್ಟಿ, ಮೇಲೆ ಅಲ್ಲಲ್ಲಿ ಎಳೆಗೂದಲು. ಕೈಗೆತ್ತಿಕೊಂಡರೆ ಭಾರವೇ ಇಲ್ಲ. ಎಲ್ಲವನ್ನೂ ಕಣಜದ ಸಮೇತ ಒಟ್ಟುಮಾಡಿ ಸೀಮೆಎಣ್ಣೆ ಸುರಿದು ಬೆಂಕಿ ಕೊಟ್ಟ. ಕಾಳು ಚಟಪಟ ಸಿಡಿಯಿತು, ಸುಟ್ಟ ಕೂದಲಿನ ಕಮಟು ಮೂಗಿಗೆ ಅಡರಿತು. ಉಂಡೆ ಮಾತ್ರ ಬಹಳ ಹೊತ್ತು ಹಾಗೇ ಇದ್ದು, ಆಮೇಲೆ ಮೆಲ್ಲಗೆ ಬಿರಿಯಿತು. ಒಳಗೆ ಏನೂ ಇರಲಿಲ್ಲ. ಅವನು ಕಾಲಿನಿಂದ ಅದನ್ನು ಬೆಂಕಿಯ ನಡುವಿಗೆ ತಳ್ಳಿದ. ಬಳಿಕ ಉಗ್ರಾಣದ ಮೂಲೆಮೂಲೆಗೂ ಗುಳಿಗೆ ಇಟ್ಟು, ಸಂದುಗಳಿಗೆ ಮಣ್ಣು ಮೆತ್ತಿ, ಬಾಗಿಲ ಮೇಲೆ ದಪ್ಪಗೆ ಬಿಳಿ ಗೀಟು ಎಳೆದ.

ಅತ್ತೆ ಬಂದವರು ಹಿತ್ತಲಿನ ಬೂದಿ ನೋಡಿದರು, ಬಾಗಿಲ ಗೀಟು ನೋಡಿದರು. ಕೂಗಾಡಲಿಲ್ಲ. ಮೆಟ್ಟಿಲ ಮೇಲೆ ಕುಸಿದು ಕೂತು, "ಒಂದು ಹಿಡಿಯಾದ್ರೂ ಉಳಿಸಿದ್ದೀರಾ?" ಎಂದರು. ಇಲ್ಲ ಎಂದ. ಅವರು ಮಗಳ ಹೊಟ್ಟೆಯ ಕಡೆ ನೋಡಿ ಮುಖ ತಿರುಗಿಸಿಕೊಂಡರು.

ಕೆಲವು ದಿನ ಎಲ್ಲವೂ ಸರಿಯಿತ್ತು. ಗಾಳಿ ಆಡಿಸಿದ ಮೇಲೆ ಉಗ್ರಾಣಕ್ಕೆ ಕೊಳವೆ ಹಿಡಿದು ಹೋದರೆ ಒಂದೇ ಒಂದು ಸದ್ದಿಲ್ಲ. ಅವನು ಅತ್ತೆಯನ್ನು ಕರೆದು, ಕೇಳಿ ನೋಡಿ ಎಂದು ಹಲ್ಲು ಕಿರಿದ. ಅವರು ಒಳಗೆ ಬರಲೇ ಇಲ್ಲ.

ಮೊದಲು ಬದಲಾದದ್ದು ಊಟ. ತಟ್ಟೆ ತುಂಬ ಉಂಡರೂ ಎದ್ದ ಮೇಲೆ ಹಸಿವು ಹಾಗೇ ಇರುತ್ತಿತ್ತು. ಹೆಂಡತಿ ಗಂಜಿಯ ಪಾತ್ರೆಯನ್ನೇ ಮುಂದಿಟ್ಟುಕೊಂಡು ತಿನ್ನತೊಡಗಿದಳು, ಇಬ್ಬರ ಪಾಲು ತಿನ್ನಬೇಕಲ್ಲ ಎಂದು ತಾನೇ ನಗುತ್ತ. ತಿಂದಷ್ಟೂ ಅವಳ ಕೈಕಾಲು ಸಣ್ಣಗಾದವು, ಕೆನ್ನೆ ಒಳಗೆ ಹೋಯಿತು. ಹೊಟ್ಟೆ ಮಾತ್ರ ಗುಂಡಗೆ ನುಣ್ಣಗೆ ಬೆಳೆಯಿತು. ಬೆಳಿಗ್ಗೆ ಅವಳು ಎದ್ದ ಹಾಸಿಗೆಯ ಮೇಲೆ ಬಿಳಿ ಪುಡಿ ಬಿದ್ದಿರುತ್ತಿತ್ತು. ಮಾಡಿನಿಂದ ಉದುರಿದ ಸುಣ್ಣವೆಂದು ಅವನು ಕೊಡವಿದ. ಮಾರನೆಯ ದಿನವೂ ಕೊಡವಿದ. ಆಮೇಲೊಮ್ಮೆ ಬೆರಳಿನಲ್ಲಿ ಉಜ್ಜಿ ಮೂಗಿಗೆ ಹಿಡಿದ. ಮುಗ್ಗಿದ ಹಿಟ್ಟು.

ತನ್ನ ಗುಳಿಗೆಯ ಗಾಳಿಯೇ ಮನೆಯೊಳಕ್ಕೆ ಸೋರಿತೇನೋ ಎಂದು ಅವನು ಹೆದರಿದ. ಗೋಡೆ ತಡವಿದ, ಸಂದು ತಡವಿದ, ಎಲ್ಲೂ ಬಿರುಕಿಲ್ಲ. ನರ್ಸಮ್ಮನನ್ನು ಮನೆಗೇ ಕರೆತಂದ. ಆಕೆ ಹೊಟ್ಟೆಗೆ ಕಿವಿಗೊಳವೆ ಇಟ್ಟು ಕೇಳಿ, ಎದೆಬಡಿತ ಚೆನ್ನಾಗಿದೆ, ಅದರ ಜೊತೆ ಸ್ವಲ್ಪ ಗಾಳಿಯ ಸದ್ದಿದೆ, ಗಂಡಸರು ಸುಮ್ಮನೆ ಹೆದರುತ್ತಾರೆ ಎಂದು ತಮಾಷೆ ಮಾಡಿ ಹೋದಳು.

ಗಾಳಿಯ ಸದ್ದು. ಆ ಮಾತು ಅವನ ತಲೆಯಿಂದ ಹೋಗಲಿಲ್ಲ. ಮಧ್ಯಾಹ್ನ ಹೆಂಡತಿ ಅಡ್ಡಾಗಿದ್ದಾಗ ಪಕ್ಕದಲ್ಲಿ ಕೂತು ಅವಳ ಹೊಟ್ಟೆಗೆ ಕಿವಿಯಿಟ್ಟ. ಮಗುವಿನ ಎದೆಬಡಿತ ಕೇಳಿಸಿತು, ಪುಟ್ಟದು, ಅವಸರದ್ದು. ಅವನ ಕಣ್ಣು ತುಂಬಿ ಬಂತು. ಇನ್ನೂ ಸ್ವಲ್ಪ ಒತ್ತಿ ಕಿವಿಗೊಟ್ಟ. ಬಡಿತದ ಹಿಂದೆ ಇನ್ನೇನೋ ಇತ್ತು. ಕರ. ಕರ. ಕರ. ಬಿಡುವಿಲ್ಲದೆ, ತಾಳ್ಮೆಯಿಂದ. ಇಷ್ಟು ವರ್ಷ ಅವನು ಹೊಟ್ಟೆ ಹೊರೆದದ್ದೇ ಆ ಸದ್ದನ್ನು ಗುರುತಿಸಿ. ಅದನ್ನು ಇನ್ನೊಂದೆಂದು ತಿಳಿಯಲು ಅವನಿಂದಾಗಲಿಲ್ಲ.

ಅವನು ಎದ್ದು ಅಡುಗೆಮನೆಗೆ ಬಂದ. ಏನೂ ಕೇಳುವ ಮೊದಲೇ ಅತ್ತೆ ಹೇಳಿದರು.

"ಪಾಲು ಸಿಕ್ಲಿಲ್ಲ ಅಂತ ಅವು ಕೈಗೆ ಸಿಕ್ಕಿದ್ದನ್ನ ತಗೊಂಡಿವೆ. ಪೂರ್ತಿ ತಿನ್ನೋದ್ರೊಳಗೆ ಕಣಜ ತುಂಬ್ಸಿ. ಮದ್ದು ಸೋಕದ ಕಾಳು ಬೇಕು. ಬೇರೆ ಮುಟ್ಟಲ್ಲ ಅವು."

ಅವನು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಓಡಿದ. ಮದ್ದು ಸೋಕದ ಕಾಳು. ಅದೇನು ಮಹಾ ಎಂದುಕೊಂಡೇ ಓಡಿದ. ಮೊದಲ ಹೊಲಮನೆಯ ಅಂಗಳದಲ್ಲಿ ಕಾಲು ನಿಂತಿತು. ಬಾಗಿಲ ಮೇಲೆ ಬಿಳಿ ಗೀಟು. ಅವನದೇ ಕೈ. ಎರಡನೆಯದರಲ್ಲೂ ಗೀಟು. ಅದರಾಚೆಯದರಲ್ಲೂ. ಮನೆಯವರು ಹೊರಗೆ ಬಂದು, ನಿಮ್ಮ ಪುಣ್ಯ ಗುಳಿಗೆಯಣ್ಣ, ಹುಡುಕಿದರೂ ಒಂದು ಹುಳು ಸಿಗುವುದಿಲ್ಲ ಎಂದು ಕೈಮುಗಿದರು. ಹುಳು ಬಿದ್ದ ಕಾಳಿದ್ದರೆ ಕೊಡಿ ಎಂದು ಅವನು ಕೇಳಿದಾಗ ಮುಖ ಮುಖ ನೋಡಿಕೊಂಡರು. ಗಿರಣಿಯಲ್ಲಿ ಬೀಸಲು ಬಂದದ್ದೆಲ್ಲ ಅವೇ ಮನೆಗಳ ಕಾಳು. ಪೇಟೆಯ ಮಳಿಗೆಗಳಿಗೆ ವರ್ಷವರ್ಷವೂ ಗುಳಿಗೆ ಇಟ್ಟವನು ಅವನೇ. ಅಂಗಡಿಗೆ ಬರುವ ಕಾಳು ಅಲ್ಲಿಂದಲೇ ಬರಬೇಕು. ಬಿತ್ತನೆ ಬೀಜಕ್ಕೆ ಔಷಧದ ಕೆಂಪು ಬಣ್ಣ. ಹೊಲದಲ್ಲಿದ್ದ ಮುಂದಿನ ಪೈರು ಇನ್ನೂ ತೆನೆ ಬಿಟ್ಟಿರಲಿಲ್ಲ. ಕೊನೆಗೆ ಬೇಲಿಯಾಚೆಯ ಒಂಟಿ ಮುದುಕಿಯ ಗುಡಿಸಲಿಗೆ ಹೋದ. ಅವಳು ಮಡಕೆ ತೆಗೆದು ತೋರಿಸಿದಳು, ನೀನೇ ಬಿಟ್ಟಿ ಮಾಡಿಕೊಟ್ಟೆಯಲ್ಲಪ್ಪ, ಮರೆತೆಯಾ ಎಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ. ಗಾದೆ ಕಟ್ಟಿದವನು ಇವನನ್ನು ನೋಡಿಯೇ ಕಟ್ಟಿದನೇನೋ.

ಖಾಲಿ ಚೀಲದೊಂದಿಗೆ ಮರಳಿದವನನ್ನು ನೋಡಿ ಅತ್ತೆಗೆ ಎಲ್ಲವೂ ತಿಳಿಯಿತು. ಹೆಂಡತಿ ಒಳಗೆ ನರಳುತ್ತಿದ್ದಳು. ಹೊತ್ತು ಇಳಿಯುತ್ತಿತ್ತು.

"ಕಾಳೇ ಆಗ್ಬೇಕಾ?" ಎಂದು ಅವನು ಕೇಳಿದ.

ಮನೆಯ ಜೀವವಾದರೂ ಸಾಕು ಎಂದರು ಅತ್ತೆ. ತಾನು ಆ ಮೂಲೆಗೆ ಹೋಗಿ ಕೂತು ನೋಡಿದ್ದಾಯಿತು ಎಂದರು. ಆ ಮಾತಿನ ಅರ್ಥ ಅವನಿಗೆ ಹೊಳೆಯುವ ಮೊದಲೇ ತೋಳು ಮಡಚಿ ತೋರಿಸಿದರು. ಸುಕ್ಕು ಚರ್ಮವನ್ನು ಅವರು ಒತ್ತಿದ ಕಡೆ ತಗ್ಗು ಬಿದ್ದದ್ದು ಮತ್ತೆ ಏಳಲಿಲ್ಲ. "ಮಗಳು ಹೊಟ್ಟೇಲಿದ್ದಾಗ ಒಂದ್ಸಲ ಪಾಲು ತಪ್ಪಿತ್ತು. ಆವತ್ತೇ ನನ್ನನ್ನ ತಿಂದಾಗಿದೆ. ನನ್ನೊಳಗೆ ಈಗ ಏನಿದೆ ಅಂತ ಬರ್ತವೆ?"

ಅವನು ಉಗ್ರಾಣಕ್ಕೆ ನಡೆದ. ಸುಟ್ಟು ಕಪ್ಪಾಗಿದ್ದ ಗಿಡ್ಡ ಕಣಜವನ್ನು ಅದೇ ಮೂಲೆಗೆ ತಂದು ನಿಲ್ಲಿಸಿದ. ಅಂಗಿ ಬಿಚ್ಚಿದ. ಒಳಗಿಳಿದು ಮೊಣಕಾಲು ಎದೆಗೆ ಒತ್ತಿಕೊಂಡು ಕೂತ. ಕತ್ತಲೆ. ಮಸಿಯ ವಾಸನೆ. ಅವನ ಉಸಿರು ಅವನಿಗೇ ಜೋರಾಗಿ ಕೇಳುತ್ತಿತ್ತು. ನನ್ನನ್ನ ತಗೊಳ್ಳಿ ಎಂದ. ಇಷ್ಟು ವರ್ಷ ನಂಬದ್ದನ್ನು ಈಗ ಪೂರ್ತಿಯಾಗಿ ನಂಬಿ ಹೇಳಿದ. ಮಗೂನ ಬಿಡಿ. ನನ್ನನ್ನ ತಗೊಳ್ಳಿ.

ಮೊದಲು ಸದ್ದು ಬಂತು. ನೆಲದಡಿಯಿಂದ. ಗೋಡೆಯೊಳಗಿಂದ. ಆಮೇಲೆ ಪಾದದ ಮೇಲೆ ಒಂದು. ಮೊಣಕಾಲಿಗೆ ಹತ್ತು. ಬೆನ್ನು ತುಂಬ. ಕತ್ತು. ತುಟಿ. ಅವನು ಅಲುಗಲಿಲ್ಲ. ಚೂಪು ಮೂತಿಗಳು ಕಿವಿಯ ಬಾಯಿ ತಡವಿದವು. ರೆಪ್ಪೆಯಂಚು ತಡವಿದವು. ಉಗುರಿನ ಸಂದಿ ತಡವಿದವು. ಒಂದು ಚುಚ್ಚಿತು. ಅವನು ಹಲ್ಲು ಕಚ್ಚಿದ. ಸರಿ, ಇನ್ನು ಶುರು. ಇನ್ನು ಹೆಂಡತಿಯ ಹೊಟ್ಟೆ ತಣ್ಣಗಾಗುತ್ತದೆ. ಅವನಿಗೆ ಸಂತೋಷವೇ ಆಯಿತು.

ಚುಚ್ಚಿದ ಹುಳು ಬೆನ್ನಡಿಯಾಗಿ ಬಿತ್ತು. ಕಾಲು ಒದರಿ ಸತ್ತಿತು.

ಮತ್ತೊಂದು ಚುಚ್ಚಿತು. ಅದೂ ಬಿತ್ತು. ಉಳಿದವು ನಿಂತವು. ಇಡೀ ಮೈಮೇಲೆ ಒಮ್ಮೆಗೇ ನಿಂತವು. ಅವನಿಗೆ ಆಗ ತಿಳಿಯಿತು. ಎಷ್ಟು ವರ್ಷ ಆ ಗಾಳಿ ಕುಡಿದಿದ್ದ. ಎಷ್ಟು ಮಳಿಗೆ. ಎಷ್ಟು ಗುಳಿಗೆ. ಅವನ ರಕ್ತದಲ್ಲಿ ಅದೇ. ಉಸಿರಿನಲ್ಲಿ ಅದೇ. ಅವನೂ ಮದ್ದು ಸೋಕಿದ ಕಾಳು. ಹುಳುಗಳು ಇಳಿಯತೊಡಗಿದವು. ಬೇಡ ಎಂದ. ಬಾಚಿ ಬಾಚಿ ಎದೆಗೆ ಒತ್ತಿಕೊಂಡ. ಬೆರಳ ಸಂದಿನಿಂದ ಸೋರಿದವು. ನೆಲಕ್ಕೆ ಬಿದ್ದವು. ಸಾಲು ಕಟ್ಟಿದವು. ಬಾಗಿಲ ಕಡೆ. ಅಡುಗೆಮನೆ ದಾಟಿ. ಹೆಂಡತಿ ಮಲಗಿದ್ದ ಕೋಣೆಯ ಕಡೆ.

ಅವನು ಎದ್ದು ಬಿದ್ದು ಅಲ್ಲಿಗೆ ಬಂದಾಗ ನೆಲದ ಮೇಲೆ ಒಂದೂ ಇರಲಿಲ್ಲ. ಅತ್ತೆ ಗೋಡೆಗೊರಗಿ ಕೂತು ಕಣ್ಣು ಮುಚ್ಚಿಕೊಂಡಿದ್ದರು. ಹೆಂಡತಿಯ ನರಳಾಟ ನಿಂತಿತ್ತು. ಬೆವರೊರೆಸಿಕೊಂಡು ಅವಳು ಇವನನ್ನು ನೋಡಿ ನಕ್ಕಳು. ಇಷ್ಟು ದಿನಗಳಲ್ಲಿ ಮೊದಲ ಬಾರಿಗೆ ಅವಳ ಮುಖದಲ್ಲಿ ನೋವಿರಲಿಲ್ಲ.

"ನಿಂತುಹೋಯ್ತು ಕಣ್ರೀ. ಈಗ ಹಗುರ ಅನ್ನಿಸ್ತಿದೆ. ಕೇಳಿ ನೋಡಿ, ಮಗು ಹೇಗಿದೆ ಅಂತ."

ಅವನು ಮಂಡಿಯೂರಿ ಅವಳ ಹೊಟ್ಟೆಗೆ ಕಿವಿಯಿಟ್ಟ. ಕರಕರ ಇರಲಿಲ್ಲ. ಎದೆಬಡಿತವೂ ಇರಲಿಲ್ಲ. ಬರಿ ಕಣಜಕ್ಕೆ ಕಿವಿಯಿಟ್ಟಂತೆ ಅವನ ಉಸಿರೇ ಅವನಿಗೆ ತಿರುಗಿ ಕೇಳಿಸಿತು. ಇನ್ನೊಂದು ಕಡೆ ಇಟ್ಟ. ಮತ್ತೊಂದು ಕಡೆ ಇಟ್ಟ. ಅವಳು ಅವನ ಕೂದಲಲ್ಲಿ ಕೈಯಾಡಿಸುತ್ತ ಕಾದಳು.

ತಲೆ ಎತ್ತುವಾಗ ಹೊಕ್ಕುಳ ಪಕ್ಕದಲ್ಲಿ ಕಂಡಿತು. ಸೂಜಿ ಮೊನೆಯಷ್ಟು ತೂತು, ಗುಂಡಗೆ, ಅಂಚಿನಲ್ಲಿ ಒಂದು ಹನಿ ರಕ್ತವೂ ಇಲ್ಲ. ಮೂತಿಹುಳುವಿನ ತೂತು ಒಳಗೆ ಹೋಗುವಾಗಿನದಲ್ಲ, ಒಳಗಿರುವುದೆಲ್ಲ ಮುಗಿದ ಮೇಲೆ ಹೊರಗೆ ಬರುವಾಗಿನದು ಎಂದು ಅವನೇ ಎಷ್ಟು ರೈತರಿಗೆ ತಿಳಿಸಿ ಹೇಳಿದ್ದನೋ. ಅವನು ತೂತಿನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿದ.

"ಚೆನ್ನಾಗಿದೆ" ಎಂದ. "ಮಲಗಿದೆ. ನೀನೂ ಮಲಗು."

ಬೆರಳಿನಡಿ, ಒಳಗಿನಿಂದ, ಏನೋ ಮೆಲ್ಲಗೆ ತಳ್ಳಿತು. ಅವಳ ಮುಖ ಅರಳಿತು.

"ಎಲ್ಲಿ ಮಲಗಿದೆ? ನೋಡಿ, ನಿಮ್ಮ ಕೈ ತಿಳೀತು ಅದಕ್ಕೆ. ಒದೀತಿದೆ."

ಅವನು ಹೌದು ಎಂದು ತಲೆಯಾಡಿಸಿದ. ಬೆರಳು ತೆಗೆಯಲಿಲ್ಲ.